ಕೆಂಪು ಚುಕ್ಕೆಯ ಕೆಳಗೆ

ಮೈಮೇಲೆ ಕಬ್ಬಿಣ ಹೊತ್ತುಕೊಂಡು ಮ್ಯಾಗ್ನೆಟೋಮೀಟರ್ ಹಿಡಿಯುವವನನ್ನು ನಾನು ಕೆಲಸಗಾರ ಎಂದು ಒಪ್ಪುವುದಿಲ್ಲ. ಈ ಸೀಮೆಯ ನೆಲದಡಿಯ ಕಲ್ಲನ್ನು ಅಗೆಯದೆ ಓದುವುದೇ ನನ್ನ ನೌಕರಿಯಾಗಿತ್ತು. ಕೆಳಗೆ ಭಾರದ ಕಲ್ಲಿದ್ದರೆ ಗುರುತ್ವ ಅಳೆಯುವ ಯಂತ್ರದ ಸ್ಪ್ರಿಂಗು ಕೂದಲೆಳೆಯಷ್ಟು ಹೆಚ್ಚು ಜಗ್ಗುತ್ತದೆ. ಕಬ್ಬಿಣದ ಅಂಶದ ಕಲ್ಲಿದ್ದರೆ ನೆಲದ ಕಾಂತಬಲ ಅಳೆಯುವ ಮ್ಯಾಗ್ನೆಟೋಮೀಟರಿನ ಅಂಕಿ ಬದಲಾಗುತ್ತದೆ. ಎರಡಕ್ಕೂ ಒಂದೇ ಶಿಸ್ತು: ತಾಸಿಗೊಮ್ಮೆ ಹೊರಟ ಜಾಗಕ್ಕೇ ಮರಳಿ, ಮತ್ತೆ ಅಳೆದು, ಅಂಕಿ ತಾನಾಗಿಯೇ ಎಷ್ಟು ಸರಿದಿದೆ ಎಂದು ಬರೆದುಕೊಳ್ಳಬೇಕು. ಚಹಾ ಆರಿದರೂ ಸರಿ.

ಹೋದ ಬೇಸಿಗೆ, ಸತ್ತೂರಿನಾಚೆ ನನ್ನ ತಂಗಿಯ ನರ್ಸರಿಯಲ್ಲಿ ಬೋರ್ ಬತ್ತಿತು. ಮಾವಿನ ಕಸಿಗಳ ಎಲೆ ಮುದುಡತೊಡಗಿದವು. ಇನ್ನೊಂದು ಬೋರ್ ಕೊರೆಸುವಷ್ಟೇ ಅವಳ ಶಕ್ತಿ. ಅದೂ ತಪ್ಪಿದರೆ ಆ ವರ್ಷದ ಕಸಿಯೆಲ್ಲ ಒಲೆಗೆ. ಇದೇ ಕೆಲಸ ಬಲ್ಲ ಅಣ್ಣ ನಾನಿದ್ದರೂ ಅವಳು ಹುಬ್ಬಳ್ಳಿಯಿಂದ ಒಬ್ಬ ತಜ್ಞನನ್ನು ಕರೆಸಿದಳು.

ನಾನು ಹೋಗುವಷ್ಟರಲ್ಲಿ ಅವನ ಅಳತೆ ಮುಗಿದಿತ್ತು. ಸೊಂಟದಲ್ಲಿ ಅಂಗೈಯಗಲದ ಬಕಲ್, ಕೈಯಲ್ಲಿ ಕಬ್ಬಿಣದ ಕಡಗ, ಕಿಸೆಯಲ್ಲಿ ಮೊಬೈಲ್, ಹೆಗಲ ಮೇಲೆ ಮ್ಯಾಗ್ನೆಟೋಮೀಟರ್. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ನಕಾಶೆ, ಅದರ ನಡುವೆ ಒಂದು ಕೆಂಪು ಚುಕ್ಕೆ.

“ಇಲ್ಲೇ ನೋಡ್ರಿ ಸರ, ನೀರು ತುಂಬಿ ತುಳಕಾಕತ್ತೈತಿ.”

“ಈ ಯಂತ್ರಕ್ಕ ನೀರು ಕಾಣ್ತದೇನ್ರಿ?”

“ಕೆಂಪು ಅಂದ್ರ ನೀರ್ರಿ. ಕಂಪ್ಯೂಟರಿನ್ಯಾಗ ಹಂಗ ಬರ್ತೈತಿ.”

“ಹೊರಟ ಜಾಗಕ್ಕ ಎಷ್ಟು ಸಲ ತಿರುಗಿ ಬಂದ್ರಿ?”

“ಯಾಕ ಬರಬೇಕ್ರಿ? ಕೆಲಸ ಮುಂದಕ್ಕ ಹೋಗಬೇಕಲ್ರಿ!”

ತಂಗಿ ನನ್ನನ್ನು ಪಕ್ಕಕ್ಕೆ ಕರೆದಳು. “ಅಣ್ಣಾ, ನೀ ಸುಮ್ಮನಿರು. ನಾಳೆ ಮುಂಜಾನೆ ಕೊರಿಯೋ ಗಾಡಿ ಬರ್ತದ.”

“ಗಾಡಿ ನಾಳೆ ಬರಲಿ. ಗುದ್ದಲಿ ಈಗ ತಾ.”

ಆಳದಲ್ಲಿರುವ ಕಲ್ಲಿನ ಗುರುತು ನಕಾಶೆಯಲ್ಲಿ ಅಗಲವಾಗಿ ಹರಡುತ್ತದೆ. ಆ ಕೆಂಪು ಚುಕ್ಕೆಯಲ್ಲಿ ಸೂಜಿಯಂತೆ ಚೂಪಾಗಿ ಎದ್ದು ನಿಂತದ್ದು ಕೈಗೆಟುಕುವ ಆಳದ ಕಬ್ಬಿಣ. ಮೊದಲ ವಾರವೇ ಕಲಿಯುವ ಪಾಠವಿದು. ಅಗೆಸಿದೆ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು.

“ಅಯ್ಯ, ಇದು ನಮ್ಮ ಮಾವನವರ ಕಬ್ಬಿನ ಗಾಣದ್ದು!” ಎಂದಳು ತಂಗಿ. ತುಕ್ಕು ಹಿಡಿದ ಉರುಳೆ, ಕುರಿಯಷ್ಟು ದಪ್ಪ.

ತಜ್ಞ ಬಗ್ಗಿ ನೋಡಿದ. “ಗಾಣದ ಕೆಳಗ ನೀರು ಇರಬಾರದಂತ ಎಲ್ಲಿ ಐತ್ರಿ?”

ಅವನದೇ ಯಂತ್ರ ತೆಗೆದುಕೊಂಡೆ. ಬೆಲ್ಟು, ಕೀಲಿಕೈ, ಕನ್ನಡಕ ಎಲ್ಲ ರಸ್ತೆಯಂಚಿನಲ್ಲಿಟ್ಟೆ. ಅಂಕಿ ಬರೆಯಲು ತಂಗಿಯನ್ನು ಜೊತೆಗೆ ಕರೆದೆ.

“ಸೆರಗಿನ ಪಿನ್ನೂ ತೆಗೀಲೇನು?”

“ಮೊದಲು ಅದನ್ನ ತೆಗಿ.”

ತಜ್ಞನನ್ನು ಕಡಗದ ಸಮೇತ ರಸ್ತೆಯಾಚೆ ನಿಲ್ಲಿಸಿದೆ. ಐದೈದು ಹೆಜ್ಜೆಗೊಂದು ಅಳತೆ, ತಾಸಿಗೊಮ್ಮೆ ಹೊರಟ ಬೇವಿನ ಮರದಡಿಗೇ ವಾಪಸು. ಸಂಜೆಯ ಹೊತ್ತಿಗೆ ಮೂಡಣ ಬದುವಿನತ್ತ ಅಂಕಿಗಳು ನಿಧಾನಕ್ಕೆ ಇಳಿದು, ಅಗಲವಾಗಿ ಹರಡಿ, ನಿಧಾನಕ್ಕೆ ಏರಿದವು. ನೆಲದಡಿ ನಿಂತ ಕಪ್ಪುಕಲ್ಲಿನ ಗೋಡೆ ನಮ್ಮ ಭಾಗದಲ್ಲಿ ಹೀಗೆಯೇ ತಗ್ಗಾಗಿ ಕಾಣಿಸಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವನ ನಕಾಶೆಯಲ್ಲೂ ಆ ತಗ್ಗು ನೀಲಿಯಾಗಿ ಬಿದ್ದಿತ್ತು. ನೀಲಿಯನ್ನು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಯಂತ್ರ ನೀರನ್ನು ತೋರಿಸುವುದಿಲ್ಲ, ಗೋಡೆಯನ್ನು ತೋರಿಸುತ್ತದೆ. ಇಳಿಜಾರಿನಲ್ಲಿ ಜಿನುಗಿ ಬಂದ ನೀರು ಅಂಥ ಗೋಡೆಗೆ ತಡೆದು ನಿಲ್ಲುವ ಸಂಭವ ಹೆಚ್ಚು. ಅದರ ಏರು ಮಗ್ಗುಲಿಗೆ ಗೂಟ ಹೊಡೆದೆ.

ಮರುದಿನ ಗಾಡಿ ಅಲ್ಲೇ ಕೊರೆಯಿತು. ಮೊದಲು ಕೆಂಪು ಪುಡಿ, ಆಮೇಲೆ ಬೂದು ಪುಡಿ. ತಂಗಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡುತ್ತಿದ್ದಳು. ಮಧ್ಯಾಹ್ನಕ್ಕೆ ಮುಂಚೆ ಕೆಸರು ನೀರು ಚಿಮ್ಮಿ ಅವಳ ಸೀರೆಯನ್ನೆಲ್ಲ ತೋಯಿಸಿತು. ತಜ್ಞ ಅದರ ಮುಂದೆ ನಿಂತು ತನ್ನ ಫೋಟೋ ತೆಗೆಸಿಕೊಂಡ.

ಕಸಿಗಳು ಉಳಿದವು. ಮಳೆ ಹಿಡಿದ ಮೇಲೆ ತಂಗಿ ನನಗೊಂದು ಗಿಡ ಕೊಟ್ಟಳು, ಅವನಿಗೆ ಎರಡು.

“ಪಾಪ, ಯಂತ್ರ ಅವರದಲ್ಲೇನು ಅಣ್ಣಾ?”

ನನ್ನದು ಚಿಗುರಿದೆ. ಅವನು ನೆಟ್ಟನೋ ಇಲ್ಲವೋ ಗೊತ್ತಿಲ್ಲ. ಎಲ್ಲಿ ನೆಡಬೇಕೆಂದು ಇನ್ನೂ ಕೆಂಪು ಚುಕ್ಕೆ ಹುಡುಕುತ್ತಿರಬೇಕು.