ತೌಡಿಗೆ ಕೊಂಡ ಮಗಳ ನಾಲಿಗೆ

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ, ತೊಂಬತ್ತರ ದಶಕದ ಕೊನೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಪುರಾವೆಯಿಲ್ಲದ ಮಾತನ್ನು ನಾನು ಒಪ್ಪುವುದನ್ನೇ ಬಿಟ್ಟಿದ್ದೆ. ಅಂಥವಳ ಕುತ್ತಿಗೆಗೆ ಒಂದು ದಿನ ಪುರಾವೆಯೇ ಬಂತು.

ನಾಲಿಗೆಯ ಎರಡೂ ಅಂಚು ಮಡಚಿ ಕೊಳವೆ ಮಾಡುವುದು ಪ್ರಬಲ ಗುಣ ಎಂದರು ಜೀವಶಾಸ್ತ್ರದ ಮೇಷ್ಟ್ರು. ಅಪ್ಪ ಅಮ್ಮರಲ್ಲಿ ಒಬ್ಬರಿಂದ ಆ ವಂಶವಾಹಿ ಬಂದರೂ ಸಾಕು, ಮಗುವಿನಲ್ಲಿ ಅದು ಕಾಣಿಸುತ್ತದೆ. ಇಬ್ಬರಿಗೂ ಕೊಳವೆ ಬರದಿದ್ದರೆ ಮಗುವಿಗೂ ಬರುವುದಿಲ್ಲ. ನನ್ನ ನಾಲಿಗೆ ಸೊಗಸಾಗಿ ಕೊಳವೆಯಾಯಿತು.

ಸಂಜೆ ಪಡಸಾಲೆಯಲ್ಲೇ ತನಿಖೆ ಶುರು ಮಾಡಿದೆ. ಅಪ್ಪ ಎಷ್ಟು ತಿಣುಕಿದರೂ ನಾಲಿಗೆ ಹಲಗೆಯ ಹಾಗೇ ಉಳಿಯಿತು. ಅವ್ವ ಒಮ್ಮೆ ಅಜ್ಜಿಯ ಕಡೆ ನೋಡಿ, ಬಾಯಿಗೆ ಸೆರಗು ಹಿಡಿದು, "ನನಗ ಬರಂಗಿಲ್ಲವಾ" ಎಂದಳು.

"ಅಪ್ಪಗ ಬರಂಗಿಲ್ಲ, ಅವ್ವಗ ಬರಂಗಿಲ್ಲ, ನನಗ ಬರ್ತೈತಿ. ಅಂದ್ರ ನಾನು ಯಾರ ಮಗಳು?"

ಅಜ್ಜಿ ಎಲೆಯಡಿಕೆ ಜಗಿಯುತ್ತಾ ಹೇಳಿದಳು: "ನಾ ಮೊದ್ಲಿಂದ ಹೇಳಾಕ್ಹತ್ತೀನಿ, ನಿನ್ನ ತೌಡು ಕೊಟ್ಟು ತಗೊಂಡೀವಿ ಅಂತ. ಪಕ್ಕದ ಮನಿ ಖಾಲಾನ್ನ ಕೇಳ್ಹೋಗು."

"ಹಿಂಗ ವಾದಾ ಮಾಡಾಕಿ ಇದೇ ಅಜ್ಜಿ ಮೊಮ್ಮಗಳು ಅನ್ನಾಕ ಬ್ಯಾರೆ ಸಾಕ್ಷಿ ಬೇಕೇನಲೇ?" ಎಂದ ಅಪ್ಪ.

"ಅದು ಸಹವಾಸ ದೋಷ, ಅನುವಂಶೀಯತೆ ಅಲ್ಲ!"

ಗತ್ತಿನಿಂದ ಅಂದೆನೇ ಹೊರತು ಊಟಕ್ಕೆ ಕೂತಾಗ ತಟ್ಟೆಯ ರೊಟ್ಟಿ ಮುಟ್ಟಲಿಲ್ಲ. ತೌಡಿನ ಮಾತನ್ನು ಚಿಕ್ಕಂದಿನಿಂದ ತಮಾಷೆಯೆಂದೇ ಕೇಳಿದ್ದೆ. ಈಗ ಅದರ ಬೆನ್ನಿಗೆ ವಿಜ್ಞಾನ ನಿಂತಿತ್ತು. ತಟ್ಟೆ ಸರಿಸಿ ಪಕ್ಕದ ಮನೆಗೆ ಹೋದೆ. ಖಾಲಾ ಅಂದರೆ ಲಾರಿ ಮೆಕ್ಯಾನಿಕ್‌ನ ಹೆಂಡತಿ, ಓಣಿಗೆಲ್ಲಾ ಚಿಕ್ಕಮ್ಮ.

"ಹೌದು ಬೇಟಿ, ನಾನೇ ಮಾರಿದ್ದು. ಒಂದು ಮೊರ ತೌಡು ಕೊಟ್ರು, ಅದ್ರಾಗೂ ಅರ್ಧ ಹೊಟ್ಟು!"

ನನ್ನ ಮುಖ ನೋಡಿ ಆಕೆಯ ನಗು ಅರ್ಧಕ್ಕೇ ನಿಂತಿತು. "ಹುಚ್ಚಿ, ನಿನಗಿಂತ ಮುಂಚೆ ಎರಡು ಕೂಸು ಉಳೀಲಿಲ್ಲ. ನೀನಾದ್ರೂ ಉಳೀಲಿ ಅಂತ, ನಿಮ್ಮವ್ವನ ಮಗ್ಗಲಾಗಿಂದ ಎತ್ತಿ ನನ್ನ ಉಡ್ಯಾಗ ಹಾಕಿದ್ರು. ಮತ್ತ ಅದೇ ಬಾಗ್ಲಾಗ ನಿಂತು ತೌಡು ಕೊಟ್ಟು ಕೊಂಡ್ಕೊಂಡ್ರು. ತೌಡಿಗೆ ಕೊಂಡ ಅಗ್ಗದ ಕೂಸಿನ ಮ್ಯಾಲೆ ಸಾವಿನ ಕಣ್ಣು ಬೀಳಂಗಿಲ್ಲಂತ. ನಮ್ಮ ಕಡೆ ಪದ್ಧತಿ ಅಲ್ಲೇನು ಇದು?"

"ಹಂಗಾದ್ರ ನಾಲಿಗಿ?"

"ಅತ್ತಿ ಮುಂದ ಯಾವ ಸೊಸಿ ನಾಲಿಗಿ ಚಾಚ್ತಾಳ? ಅಡಿಗಿಮನ್ಯಾಗ ಕೇಳ್ಹೋಗು."

ಅವ್ವ ಒಲೆಯ ಮುಂದೆ ಒಬ್ಬಳೇ ಇದ್ದಳು. ಬಾಗಿಲ ಕಡೆ ಕಣ್ಣು ಹಾಯಿಸಿ ನಾಲಿಗೆ ಹೊರಹಾಕಿದಳು. ನನ್ನದಕ್ಕಿಂತ ದುಂಡಗಿನ ಕೊಳವೆ! ನಾನು ನಕ್ಕೆ, ಕಣ್ಣಲ್ಲಿ ಯಾಕೋ ನೀರು ಬಂತು. "ನಿಮ್ಮಜ್ಜಿಗೆ ಹೇಳಬ್ಯಾಡ ಮತ್ತ," ಎಂದು ಅವ್ವ ತಣ್ಣಗಾದ ರೊಟ್ಟಿಯನ್ನು ಮತ್ತೆ ಹೆಂಚಿಗೆ ಹಾಕಿದಳು.

ಮುಂದಿನ ಪಾಠದಲ್ಲಿ ಮೇಷ್ಟ್ರು, ಈ ನಿಯಮ ಅಷ್ಟು ಖಡಕ್ ಅಲ್ಲ, ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿರಬಹುದು, ಕೆಲವರು ಅಭ್ಯಾಸದಿಂದಲೂ ಕಲಿಯುತ್ತಾರೆ ಎಂದರು. "ಸರ್, ಇದನ್ನ ಮೊದ್ಲೇ ಹೇಳಬಾರ್ದಿತ್ತೇನ್ರಿ?" ಎಂದು ನಾನು ಎದ್ದು ನಿಂತದ್ದಕ್ಕೆ ತರಗತಿಯೆಲ್ಲಾ ನಕ್ಕಿತು.

ಅಭ್ಯಾಸದಿಂದ ಕಲಿಯಬಹುದಂತೆ ಎಂದು ಮನೆಯಲ್ಲಿ ಹೇಳಿದ್ದು ನಾನೇ. ಅಂದಿನಿಂದ ಅಪ್ಪ ತನ್ನ ಗೊಬ್ಬರದಂಗಡಿಯ ಕನ್ನಡಿ ಮುಂದೆ ನಾಲಿಗೆ ಮಡಚಲು ಒದ್ದಾಡತೊಡಗಿದ. ಗಿರಾಕಿಗಳು ಬಾಯಿಹುಣ್ಣೇನ್ರಿ ಅಂತ ಕೇಳಿದರೆ ಒಂದೇ ಉತ್ತರ:

"ಇಲ್ರಿ, ಮಗಳ ನಾಲಿಗ್ಯಾಗ ನಂದೂ ಪಾಲೈತಿ ಅಂತ ತೋರಿಸ್ಬೇಕಾಗೈತಿ."