ಇಲಿಗೂ ಅರ್ಥ ಹೇಳಿದ ಮುರಿಗೆಪ್ಪ

ಕೊಣ್ಣೂರಿನ ಮಠದಲ್ಲಿ ಶ್ರಾವಣದ ಪುರಾಣ ಹಚ್ಚಿದರೆ ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಅರ್ಥ ಹೇಳುವವನು ಮುರಿಗೆಪ್ಪ. ಎರಡೆತ್ತಿನ ಕಮತದವನು, ಆದರೆ ಬಾಯಿ ತೆರೆದನೆಂದರೆ ಶಾಸ್ತ್ರಿಗಳೂ ತಲೆದೂಗಬೇಕು. "ಪುರಾಣದಾಗಿನ ಊರು ಎಲ್ಲೂ ಇಲ್ರೆಪಾ, ನಿಮ್ಮ ಮೈಯಾಗೈತಿ. ರಾಕ್ಷಸ ಅಂದ್ರ ನಿಮ್ಮ ಸಿಟ್ಟು. ಒಳಗ ನೋಡ್ರಿ, ಒಳಗ!" ಎನ್ನುತ್ತಿದ್ದ. ಒಳಗೆ ನೋಡಿ ನೋಡಿ ಆ ಪುಣ್ಯಾತ್ಮನಿಗೆ ಹೊರಗಿನದು ಕಾಣದಂತಾಯಿತು.

ಸಾವಿರದ ಒಂಬೈನೂರ ಒಂಬತ್ತರ ಸುಮಾರು. ಗಡ್ಡೆಬೇನೆಯ, ಅಂದರೆ ಪ್ಲೇಗಿನ ಕಾಲ. ಇಲಿ ಸತ್ತು ಬಿದ್ದರೆ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಜೋಪಡಿ ಹೊಡೆಯುವುದು ರೂಢಿ. ಪುರಾಣದ ಹನ್ನೆರಡನೆಯ ದಿನ ಮುರಿಗೆಪ್ಪನ ಪಡಸಾಲೆಯಲ್ಲೇ ಮೂರು ಇಲಿ ಬಿದ್ದವು. ಹೆಂಡತಿ ಶಿವಗಂಗವ್ವ ಹಾಸಿಗೆ ಸುತ್ತಿ ಕಟ್ಟಿದಳು.

"ನಡೀರಿ, ಹೊಲಕ್ಕ ಹೋಗೂಣು. ಓಣಿ ಮಂದಿ ಎಲ್ಲಾ ಹೊಂಟಾರ."

"ಪುರಾಣ ಮಂಗಳ ಆಗೂತನಕ ಅರ್ಥ ಹೇಳಾಂವ ಊರ ದಾಟಬಾರ್ದು. ಇಲಿ ಅಂದ್ರ ಏನು? ಆಸೆ. ಆಸೆ ಸತ್ತದ್ದಕ್ಕ ಅಳ್ತಾರೇನ, ಹುಚ್ಚಿ?"

ಎಂಥ ಮಾತು! ಕೇಳಿದ ಮಂದಿ ಹೌದೌದು ಎಂದರು, ಎಂದವರೇ ಗಂಟುಮೂಟೆ ಹೊತ್ತು ಹೊರಟರು. ಶಿವಗಂಗವ್ವನ ಅಣ್ಣ ಸಂಕೇಶ್ವರದಿಂದ ಗಾಡಿ ಹೂಡಿಕೊಂಡು ಬಂದ. ಅವಳು ಏರಲಿಲ್ಲ. ಕಟ್ಟಿದ ಹಾಸಿಗೆ ಬಿಚ್ಚಿ ಮತ್ತೆ ಹಾಸಿದಳು. ತನ್ನ ಮಾತು ಇವಳಿಗಾದರೂ ತಿಳಿಯಿತಲ್ಲ ಎಂದು ಮುರಿಗೆಪ್ಪ ಉಬ್ಬಿಹೋದ. ಅಂದು ಮಠದಲ್ಲಿ ನಾಲ್ಕೇ ಜನರ ಮುಂದೆ ಇನ್ನೂ ಜೋರಾಗಿ ಅರ್ಥ ಹೇಳಿದ.

ಇಲಿ ಬಿದ್ದ ಆರನೆಯ ದಿನ ಶಿವಗಂಗವ್ವನಿಗೆ ಕೆಂಡದಂಥ ಜ್ವರ, ಕಂಕುಳಲ್ಲಿ ನಿಂಬೆಕಾಯಿಯಷ್ಟು ಗಡ್ಡೆ. ಮುರಿಗೆಪ್ಪ ವಿಭೂತಿ ಹಚ್ಚಿದ, ಬೇವಿನ ರಸ ಹಿಂಡಿದ. ಕರೆಯೋಣವೆಂದರೆ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹೆದರಬ್ಯಾಡ. ಈ ಮೈ ಅಂದ್ರ ಬರೇ ಊರು, ನೀ ಒಳಗ..." ಎಂದು ಶುರುಮಾಡಿದ. ಅರ್ಧಕ್ಕೇ ಬಿಟ್ಟು ಅವಳ ಕೈ ಹಿಡಿದ. "ಗಂಗಾ, ನನ್ನ ಮಾತ ನಂಬಿ ಉಳಿದೆಲ್ಲ. ನಾನ ನಿನ್ನ ಕೊಂದೆ."

ಶಿವಗಂಗವ್ವ ಬತ್ತಿದ ತುಟಿಯಲ್ಲೇ ನಕ್ಕಳು.

"ನಿಮ್ಮ ಅರ್ಥ ನನಗ ಒಂದಿನಾನೂ ತಿಳಿದಿಲ್ರಿ. ನಂಬಿ ಯಾರು ಉಳದಾರ? ನಾ ಹೋದ್ರ ನಿಮಗ ರೊಟ್ಟಿ ಬಡಿಯಾವ್ರು ಯಾರಂತ ಉಳದ್ನಿ."

ಹೊತ್ತು ಮುಳುಗುವ ಮುಂಚೆ ಹೋದಳು. ಹೆಣಕ್ಕೆ ಹೆಗಲು ಕೊಡುವವರಿಲ್ಲ. ಮರುದಿನ ಬೆಳಿಗ್ಗೆ ಮುರಿಗೆಪ್ಪ ತನ್ನ ಗಾಡಿಯಲ್ಲೇ ಒಯ್ದು, ಹೊಲದಲ್ಲಿ ಕುಣಿ ತೋಡಿ, ಪದ್ಧತಿಯಂತೆ ಅವಳನ್ನು ಕೂರಿಸಿ, ಅಂಗೈಯಲ್ಲಿ ಅವಳ ಲಿಂಗವಿಟ್ಟು ಮಣ್ಣೆಳೆದ.

ಮನೆಗೆ ಬಂದು ಬುಟ್ಟಿಗೆ ಮುಚ್ಚಿದ ಅರಿವೆ ಸರಿಸಿದರೆ ಒಳಗೆ ಖಡಕ್ ರೊಟ್ಟಿ ಒಟ್ಟಿತ್ತು. ಆ ಐದು ದಿನ ಕೂತು ಬಡಿದಿದ್ದಳು, ಒಬ್ಬನಿಗೆ ತಿಂಗಳಿಗಾಗುವಷ್ಟು.