ಹಗುರ ಕಡ್ಡಿಗೆ ಭಾರದ ರೀಲು

ಮೀನು ಹಿಡಿಯುವ ಕಡ್ಡಿ ಒಂದು ಸೌಟಿನಷ್ಟೇ ತೂಗುತ್ತದೆ ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ.

ನಮ್ಮೂರು ಮಿಡಿಗೇಶಿಯಿಂದ ವರ್ಗವಾದ ಮೇಷ್ಟ್ರೊಬ್ಬರು ಹೋಗುವಾಗ ತಮ್ಮ ಫ್ಲೈ ರಾಡನ್ನು ನನ್ನ ತಮ್ಮ ನರಸಿಂಹನಿಗೆ ಕೊಟ್ಟುಹೋದರು. ಅದಕ್ಕೆ ಎರೆಹುಳು ಬೇಡ. ಪುಕ್ಕದಲ್ಲಿ ಮಾಡಿದ ಸುಳ್ಳು ನೊಣ ಕಟ್ಟಿ ಎಸೆಯುವುದು. ದಾರ ಸುತ್ತಿಡುವ ರೀಲು ಮಾತ್ರ ಮುರಿದಿತ್ತು.

ತಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಎಡಗೈಯಲ್ಲಿ ಟೀ ಲೋಟ ಎತ್ತುತ್ತಾನೆ, ಅಷ್ಟೆ. ಮೀನು ಹಿಡಿದೇ ಬದುಕಿದವನು ಆರು ತಿಂಗಳಿಂದ ಕೆರೆ ಕಡೆ ತಲೆ ಹಾಕಿರಲಿಲ್ಲ. ಈ ಕಡ್ಡಿ ಎತ್ತಿ ನೋಡಿದವನ ಮುಖ ಅರಳಿತು.

"ಇದ್ರಾಗೆ ಕೊರಮೀನು ಎಳೆಯಾಕಾಗಲ್ಲ ಅಕ್ಕಯ್ಯ. ಜಿಲೇಬಿ, ಪಕ್ಕೆ, ಅಂಥ ಸಣ್ಣವಕ್ಕೇ ಸರಿ. ನಂಗಷ್ಟು ಸಾಕು."

ದಾರ ಎಳೆದುಕೊಡಲು ನಾನಿದ್ದೆನಲ್ಲ.

ರೀಲು ತರಲು ಸಿರಾಕ್ಕೆ ಹೊರಟೆ. "ನಾನೂ ಬತ್ತೀನಿ" ಅಂದ.

"ಬಸ್ ಹತ್ತಾಕಾಯ್ತದೇನ್ಲಾ ನಿಂಗೆ? ಸುಮ್ಕೆ ಕೂತ್ಕ."

ಅಂಗಡಿಯ ಸಾಬರು ಅಂಗೈಯಲ್ಲಿ ಮುಚ್ಚಿಹೋಗುವಂಥ ರೀಲು ತೆಗೆದಿಟ್ಟರು. "ಹಗುರ ಕಡ್ಡಿಗೆ ಹಗುರಾನೇ ಹಾಕ್ಬೇಕು, ಅಮ್ಮಾ."

"ಮಕ್ಕಳ ಆಟದ ಸಾಮಾನು ಕೊಡ್ತೀರಾ ಸಾಬ್ರೆ?"

ಪಾತ್ರೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಕೈಯಲ್ಲಿ ಎತ್ತಿ ತೂಗುತ್ತೇವೆ. ಭಾರ ಇದ್ದರೆ ಗಟ್ಟಿ ಮಾಲು. (ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ತುಂಬಿದ ಕೊಡ ಎತ್ತಿಸಿ ಒಪ್ಪಿದ್ದರು.) ಅಂಗಡಿಯಲ್ಲಿದ್ದ ಅತಿ ಭಾರದ ರೀಲನ್ನೇ ತಂದೆ.

ಮಾರನೇ ದಿನ ಕೆರೆಗೆ ಹೋದೆವು. ಹಿಡಿಯ ಬುಡಕ್ಕೆ ರೀಲು ಕೂರಿಸಿಕೊಟ್ಟೆ. ತಮ್ಮ ಎತ್ತಿದ. ತುದಿ ಮೇಲಕ್ಕೆ ಎದ್ದಿತು, ಬುಡ ಅವನ ತೊಡೆಗೆ ಬಡಿಯಿತು. ಇನ್ನೊಮ್ಮೆ ಎತ್ತಿದ. ಮಣಿಕಟ್ಟು ಸೋತು ಕಡ್ಡಿ ಕೆಸರಿಗೆ ಬಿತ್ತು.

ಬಟ್ಟೆ ಒಗೆಯುತ್ತಿದ್ದವಳೊಬ್ಬಳು ನಕ್ಕಳು. "ನರಸಿಂಹಣ್ಣ, ಮೀನೇ ನಿನ್ನ ಎಳ್ಕಂಡೋಗ್ತಾವೆ ನೋಡ್ಕ!"

ಅವನು ನಗಲಿಲ್ಲ. "ಮನೆಗೋಗಾಣ" ಅಂದ.

ಮತ್ತೆ ಸಿರಾಕ್ಕೆ ಹೋಗಿ ರೀಲು ಬದಲಾಯಿಸಿದೆ. ಸಾಬರು ಮೊದಲು ತೋರಿಸಿದ್ದ ಆ ಸಣ್ಣ ರೀಲನ್ನೇ ತೆಗೆದು ಕೈಗಿಟ್ಟರು. (ಬೈದಿದ್ದರೆ ವಾಸಿಯಿತ್ತು.) ಈಗ ಹಿಡಿಯ ಹತ್ತಿರ ಒಂದು ಬೆರಳು ಕೊಟ್ಟರೆ ಸಾಕು, ಕಡ್ಡಿ ತಕ್ಕಡಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ.

"ಬಾರ್ಲಾ, ಕೆರೆಗೆ ಹೋಗಾಣ" ಎಂದೆ.

"ನೀನೇ ಹೋಗಕ್ಕಯ್ಯ. ನಿನ್ ಕೈ ಗಟ್ಟಿಯಾಗೈತೆ."

ವಾರವಾಯಿತು. ಕಡ್ಡಿ ಬಾಗಿಲ ಸಂದಿಯಲ್ಲಿದೆ. ಅವನು ಗೋಡೆ ಕಡೆ ತಿರುಗಿ ಮಲಗುತ್ತಾನೆ.

ತೂಗಿದ್ದು ನನ್ನ ಕೈ, ಹಿಡಿಯಬೇಕಾದ್ದು ಅವನ ಕೈ. ಅವತ್ತು ಅವನನ್ನೂ ಬಸ್ಸಿಗೆ ಹತ್ತಿಸಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?